ಡಿವಿಡೆಂಡ್ ಬಡ್ಡಿ ಅಲ್ಲ, ದೊಡ್ಡಪ್ಪಾ

ವಿಮಾ ಕಂಪನಿಯ ಷೇರು ಕೊಂಡರೆ ಬ್ಯಾಂಕಿನಂತೆ ವರ್ಷಾ ವರ್ಷಾ ದುಡ್ಡು ಬರುತ್ತದೆ ಎಂಬ ಮೆಸೇಜ್‌ಗಳು ಈಗ ನಮ್ಮ ಹಳ್ಳಿಯ ವಾಟ್ಸ್ಆಪ್ ಗ್ರೂಪ್‌ಗಳಿಗೂ ಬರುತ್ತಿವೆ. ಪೇಪರಿನವನು ಅಂತ ಜನ ನನ್ನನ್ನು ಕೇಳುತ್ತಾರೆ. ಜೀವ ವಿಮೆಯ ಮಾತಲ್ಲ ಇದು. ಗಾಡಿ, ಬೆಂಕಿ, ಬೆಳೆ ಇವುಗಳಿಗೆ ವಿಮೆ ಕೊಡುವ ಕಂಪನಿಗಳ ಮಾತು.

ಡಿವಿಡೆಂಡ್ ಅಂದರೆ ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಷೇರಿನ ಬೆಲೆಗೆ ಅದು ನೂರಕ್ಕೆ ಎಷ್ಟು ಬಿತ್ತು ಎಂಬುದೇ ಡಿವಿಡೆಂಡ್ ಯೀಲ್ಡ್. 400 ರೂಪಾಯಿ ಷೇರಿಗೆ 10 ರೂಪಾಯಿ ಕೊಟ್ಟರೆ ಯೀಲ್ಡ್ ಶೇ 2.5. ಅದೇ ಷೇರು 200ಕ್ಕೆ ಬಿದ್ದರೆ ಶೇ 5. ಕಂಪನಿ ಒಂದು ಪೈಸೆ ಹೆಚ್ಚು ಕೊಟ್ಟಿಲ್ಲ. ಷೇರುದಾರನ ಅರ್ಧ ದುಡ್ಡು ಕರಗಿದೆ, ಯೀಲ್ಡ್ ಮಾತ್ರ ಎರಡು ಪಟ್ಟಾಗಿ ಕಾಣುತ್ತದೆ.

ನಮ್ಮ ದೊಡ್ಡಪ್ಪನ ಹತ್ತಿರ ರಸ್ತೆಗೆ ಹೋದ ಹೊಲದ ಪರಿಹಾರ 6 ಲಕ್ಷ ಉಳಿದಿತ್ತು. "ತಮ್ಮಾ, ಇದ್ರಾಗ ಹಾಕಿದ್ರ ತಿಂಗಳಾ ಮನಿ ಖರ್ಚಿಗೆ ಬರತೈತೇನು?" ಅಂದರು. ಶೇ 2.5ರ ಲೆಕ್ಕ ಹಾಕಿ ತೋರಿಸಿದೆ: ವರ್ಷಕ್ಕೆ 15,000, ತಿಂಗಳಿಗೆ 1,250. "ಅಷ್ಟಾ? ಮೆಸೇಜಿನ್ಯಾಗ ಏಳು ಪರ್ಸೆಂಟ್ ಅಂತ ಐತಲ್ಲ" ಅಂದರು.

ಆಗ ಅವರಿಗೆ ಹೇಳಿದ್ದು ಜಿಐಸಿ ರಿ ಕಥೆ. ಇದು ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸರ್ಕಾರಿ ಕಂಪನಿ. ನಾವು ಕಟ್ಟುವ ಬೆಳೆ ವಿಮೆಯ ಹೊಣೆಯಲ್ಲೂ ಒಂದು ಪಾಲು ಹೊತ್ತಿದೆ. 2017ರಲ್ಲಿ ಷೇರನ್ನು 912 ರೂಪಾಯಿಗೆ ಮಾರಿತು. ಮರುವರ್ಷ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿದ್ದರಿಂದ ಕೊಂಡವರಿಗೆ ತಲಾ 456 ಬಿದ್ದಂತಾಯಿತು. 2018-19ಕ್ಕೆ ಷೇರಿಗೆ 6.75 ರೂಪಾಯಿ ಡಿವಿಡೆಂಡ್ ಕೊಟ್ಟಿತು. 456ಕ್ಕೆ ಅದು ಶೇ 1.5.

2020ರ ಮಾರ್ಚ್‌ನಲ್ಲಿ ಕೊರೊನಾ ಹೆದರಿಕೆಗೆ ಪೇಟೆ ಕುಸಿದು ಷೇರು 100ರ ಆಸುಪಾಸಿಗೆ ಬಂತು. ಹಳೇ 6.75ನ್ನೇ ಹಿಡಿದು ನೋಡಿದವರಿಗೆ ಯೀಲ್ಡ್ ಶೇ 7ರ ಹತ್ತಿರ ಕಂಡಿತು. ಆದರೆ ಆ ವರ್ಷ ಕಂಪನಿ ನಷ್ಟದಲ್ಲಿತ್ತು. ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಡಿವಿಡೆಂಡ್ ಕೊಡಬೇಡಿ ಎಂದು ಕಂಪನಿಗಳಿಗೆ ಹೇಳಿತು. 2019-20ಕ್ಕೆ ಸಿಕ್ಕಿದ್ದು ಸೊನ್ನೆ. 2021-22ಕ್ಕೆ 2.25, ಆಮೇಲೆ 7.20, 2023-24ಕ್ಕೆ 10 ರೂಪಾಯಿ. ಕಾದವರಿಗೆ ಸಿಕ್ಕಿತು ನಿಜ. ಆದರೆ ನಡುವೆ ಮನೆ ನಡೆಯಬೇಕಲ್ಲ?

ಈ ವ್ಯಾಪಾರವೇ ಹಾಗೆ. 100 ರೂಪಾಯಿ ಪ್ರೀಮಿಯಂ ಬಂದರೆ ಪರಿಹಾರಕ್ಕೆ 80, ಕಮಿಷನ್ ಮತ್ತು ಖರ್ಚಿಗೆ 30 ಹೋಗಬಹುದು. ಈ 110ಕ್ಕೆ ಕಂಬೈನ್ಡ್ ರೇಷಿಯೊ ಅನ್ನುತ್ತಾರೆ. ನಮ್ಮ ದೇಶದ ಎಷ್ಟೋ ಕಂಪನಿಗಳಲ್ಲಿ ಇದು 100 ದಾಟುತ್ತದೆ. ಆ ಕೊರತೆ ತುಂಬುವುದು ಪ್ರೀಮಿಯಂ ದುಡ್ಡನ್ನು ಬಾಂಡು, ಷೇರುಗಳಲ್ಲಿ ಹಾಕಿ ಗಳಿಸಿದ ಆದಾಯ. ಪ್ರವಾಹ, ಬರ, ಪೇಟೆ ಕುಸಿತ ಒಟ್ಟಿಗೆ ಬಂದರೆ ಹಂಚಲು ಏನೂ ಉಳಿಯದು. ಮಳೆ ಕೈಕೊಟ್ಟ ವರ್ಷ ನಮ್ಮ ಬೆಳೆಯೂ ಹೋಗುತ್ತದೆ, ಬೆಳೆ ವಿಮೆ ಹೊತ್ತ ಕಂಪನಿಯ ಲಾಭಕ್ಕೂ ಪೆಟ್ಟು. ರೈತನಿಗೆ ದುಡ್ಡು ಬೇಕಾಗುವುದು ಸರಿಯಾಗಿ ಆಗಲೇ.

ದೊಡ್ಡಪ್ಪ ಐದೂವರೆ ಲಕ್ಷವನ್ನು ಪೋಸ್ಟ್ ಆಫೀಸಿನ ತಿಂಗಳ ಆದಾಯ ಯೋಜನೆಯಲ್ಲಿ ಇಟ್ಟರು. ಉಳಿದ 50,000ದಲ್ಲಿ ಮಗ ಷೇರು ತೆಗೆದುಕೊಂಡಿದ್ದಾನೆ. ಬೇಡ ಅನ್ನಲಿಲ್ಲ ನಾನು. ಐದಾರು ವರ್ಷ ಮುಟ್ಟದೆ ಬಿಡಬಹುದಾದ ದುಡ್ಡು ಅದು.

ನೀವೂ ಕೊಳ್ಳುವುದಾದರೆ ಮೂರು ಸಂಗತಿ ನೋಡಿ. ಹಿಂದಿನ ಐದಾರು ವರ್ಷ ಡಿವಿಡೆಂಡ್ ತಪ್ಪಿದೆಯೇ? ಕಂಬೈನ್ಡ್ ರೇಷಿಯೊ ಎಷ್ಟು? ಯೀಲ್ಡ್ ಏರಿದ್ದು ಡಿವಿಡೆಂಡ್ ಹೆಚ್ಚಿದ್ದಕ್ಕೋ, ಬೆಲೆ ಬಿದ್ದಿದ್ದಕ್ಕೋ? ಕಂಪನಿಯ ವಾರ್ಷಿಕ ವರದಿಯಲ್ಲಿ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಇವು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ತೊಡಕಾದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.