ಈಡಿನ ತೂಕ

ನಮ್ಮ ಆಲೂರು, ಸಕಲೇಶಪುರದ ಕಡೆ ಹೆಣ್ಣು ಕೊಡಲು ಬಂದವರು ಗದ್ದೆ ಎಷ್ಟು, ಕಾಫಿ ಎಷ್ಟು, ಏಲಕ್ಕಿ ಇದೆಯೋ ಎಂದು ಕೇಳುತ್ತಿದ್ದರೇ ಹೊರತು ಕೋವಿ ಇದೆಯೋ ಎಂದು ಕೇಳುತ್ತಿರಲಿಲ್ಲ. ಕಾಡಂಚಿನಲ್ಲಿ ಗದ್ದೆ ಇದ್ದ ಮೇಲೆ ಕೋವಿಯೂ ಇರುತ್ತದೆ ಎನ್ನುವುದು ಹೇಳದೆಯೇ ತಿಳಿಯುವ ಮಾತಾಗಿತ್ತು. ಹಾಸನದ ಪೇಟೆಯಲ್ಲಿ ಬೆಳೆದ ನನಗೆ ಅದೆಲ್ಲ ಹೊಸದು. 1983ರಲ್ಲಿ ಮದುವೆಯಾಗಿ ಬಂದಾಗ ನಡುಮನೆಯ ಗೋಡೆಯಲ್ಲಿ, ದೇವರ ಪಟಗಳ ಸಾಲು ಮುಗಿಯುವ ಕಡೆ, ಒಂಟಿ ನಳಿಗೆಯ ಕೇಪಿನ ಕೋವಿಯೊಂದು ತೂಗುತ್ತಿತ್ತು. ಬೆಳೆ ರಕ್ಷಣೆಗೆಂದು ಮಾವನವರ ಹೆಸರಿನಲ್ಲಿದ್ದ ಲೈಸೆನ್ಸು. ಆಯುಧಪೂಜೆಯ ದಿನ ನೇಗಿಲು, ಕತ್ತಿ, ಈಳಿಗೆಮಣೆಗಳ ಜೊತೆ ಅದಕ್ಕೂ ಕುಂಕುಮ, ಚೆಂಡುಹೂವು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವರ ಹಾಗೆ ಆ ಸಂಜೆ ಮಾವನವರು ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು.

ತೋಟಾ ಕೋವಿಗೆ ಅಂಗಡಿಯಿಂದ ಕಟ್ಟಿದ ತೋಟಾ ತಂದು ಹಾಕಿದರಾಯಿತು. ಕೇಪಿನ ಕೋವಿಗೆ ಮಾತ್ರ ಮನೆಯ ಅಡುಗೆಯೇ ಆಗಬೇಕು. ನಳಿಗೆಯ ಬಾಯಿಗೆ ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರು, ಗಜದಿಂದ ಹದವಾಗಿ ಜಡಿಯಬೇಕು. ಆಮೇಲೆ ಗುಂಡು ಅಥವಾ ಚರೆ, ಮತ್ತೆ ನಾರು. ಗಜ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಂತಿತು ಎಂಬುದರ ಮೇಲೆ ಈಡಿನ ಲೆಕ್ಕ. ಉಪ್ಪು ಖಾರಕ್ಕೆ ನಾವು ಕೈಯಳತೆ ನಂಬಿದ ಹಾಗೆ ಮಾವನವರು ಬೆರಳಳತೆ ನಂಬಿದ್ದರು. ಆದರೆ ಸೀಸವನ್ನು ಮಾತ್ರ ತಕ್ಕಡಿಯಲ್ಲಿ ತೂಗುತ್ತಿದ್ದರು.

ಗುಂಡು ಎಷ್ಟು ತೂಕವಿರಬೇಕು ಎಂದು ಒಮ್ಮೆ ಕೇಳಿದೆ. ‘ಅದು ನಮ್ಮ ಕೈಲಿಲ್ಲ ಕಣಮ್ಮ, ನಳಿಗೆ ಕೈಲಿದೆ’ ಎಂದರು. ಅದರ ಲೆಕ್ಕ ನಮ್ಮಂಥವರಿಗೆ ಬಲು ಸುಲಭ. ಒಂದು ಪೌಂಡು, ಎಂದರೆ ಸುಮಾರು 454 ಗ್ರಾಂ ಸೀಸದಲ್ಲಿ ನಳಿಗೆಗೆ ಸರಿಹೋಗುವ ಉಂಡೆ ಎಷ್ಟು ಕಟ್ಟಬಹುದೋ ಅದೇ ಕೋವಿಯ ನಂಬರು. ಹನ್ನೆರಡು ಉಂಡೆಯಾದರೆ ಹನ್ನೆರಡರ ಬೋರು. ಉಂಡೆಗೆ 38 ಗ್ರಾಂ, ಮೂರು ತೊಲಕ್ಕೂ ತುಸು ಹೆಚ್ಚು. ಇಪ್ಪತ್ತು ಉಂಡೆಯಾದರೆ ಇಪ್ಪತ್ತರ ಬೋರು. ಉಂಡೆಗೆ 23 ಗ್ರಾಂ, ಎರಡು ತೊಲಕ್ಕೆ ತುಸು ಕಡಿಮೆ. ನಂಬರು ಏರಿದಷ್ಟೂ ಉಂಡೆ ಸಣ್ಣದು. ನಮ್ಮದು ಇಪ್ಪತ್ತರ ಹತ್ತಿರದ್ದು. ‘ನಿಮ್ಮತ್ತೆ ಕೊರಳ ಸರದಷ್ಟು ತೂಕ’ ಎಂದು ಮಾವನವರು ನಕ್ಕರೆ, ಅತ್ತೆ ಸರವನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದರು.

ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಬಾಯಿಂದ ತುಂಬುವ ಬಂದೂಕುಗಳಿಗೆಂದೇ ಈಗಲೂ ಬೇಟೆಯ ದಿನಗಳಿವೆ. ಅಲ್ಲಿನ ನಳಿಗೆಗಳ ಒಳಗೆ ಸುರುಳಿಗೆರೆ ಇರುವುದರಿಂದ ಉದ್ದನೆಯ ಗುಂಡು ಹಾಕಬಹುದು; ಅಗಲ ಹೆಚ್ಚಿಸದೆ ಉದ್ದ ಹೆಚ್ಚಿಸಿ ಬೇಕಾದ ತೂಕ ಆರಿಸಿಕೊಳ್ಳಬಹುದು. ನಮ್ಮ ನುಣುಪು ನಳಿಗೆಗೆ ಗುಂಡನೆಯ ಗುಂಡೇ ಗತಿ. ಅದೇ ಮದ್ದಿಗೆ ಸೀಸ ಹೆಚ್ಚಿಸಿದರೆ ಈಡು ನಿಧಾನ, ಭುಜಕ್ಕೆ ಒದೆತ ಜಾಸ್ತಿ. ಮದ್ದನ್ನೂ ಹೆಚ್ಚಿಸಿದರೆ ಹಳೆಯ ನಳಿಗೆ ಸೀಳಿ ಹಿಡಿದವನ ಕೈಗೇ ಅಪಾಯ.

ಹಾಗಾಗಿ ನಮ್ಮವರಿಗಿದ್ದ ಆಯ್ಕೆ ಒಂದೇ: ಅಷ್ಟೇ ಸೀಸವನ್ನು ಒಂದೇ ಗುಂಡಾಗಿ ಹಾಕುವುದೋ, ಚರೆಯಾಗಿ ಚೆದುರಿಸುವುದೋ. ದೊಡ್ಡ ಚರೆಯಾದ ಎಸ್‌ಜಿ ಸಹ ಔನ್ಸಿಗೆ ಎಂಟು ಕಾಳು. ಕಾಳಿಗೆ ಮೂರೂವರೆ ಗ್ರಾಂ. ಚರೆ ಹಾಕಿದರೆ ತಗಲುವುದು ಸುಲಭ, ಕೊಲ್ಲುವುದು ಕಷ್ಟ. ಬಲಿತ ಗಂಡುಹಂದಿಯ ಭುಜದ ಮೇಲೆ ಗುರಾಣಿಯಂಥ ದಪ್ಪ ಚರ್ಮವಿರುತ್ತದೆ. ಮಾವನವರು ಶಿಕಾರಿಗೆ ಹೋಗುತ್ತಿದ್ದುದು ಹರೆಯದಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವುದಕ್ಕೆ ಮುಂಚೆ. ಆಗ ಜೊತೆಗಾರರೊಬ್ಬರು ಚರೆಯಲ್ಲಿ ಹೊಡೆದ ಹಂದಿ ಗಾಯದೊಡನೆ ಲಂಟಾನ ಹೊಕ್ಕಿತಂತೆ. ಮರುದಿನ ಸೌದೆಗೆ ಹೋದ ಹೆಂಗಸಿನ ತೊಡೆಯನ್ನು ಅದು ಸೀಳಿಹಾಕಿತು. ‘ಹೊಡೆದವನು ಮನೇಲಿ ಮಲಗಿದ್ದ, ತೂಕ ಹೊತ್ತವಳು ಆಕೆ’ ಎಂದು ಹೇಳುವಾಗ ಅವರ ದನಿ ಇಳಿಯುತ್ತಿತ್ತು.

ಸೀಸ ಕರಗಿಸುವ ದಿನ ಅತ್ತೆಯವರದೇ ಕಾನೂನು. ಅದು ಕರಗುವುದು 327 ಡಿಗ್ರಿ ಶಾಖಕ್ಕೆ; ಸೌದೆ ಒಲೆಯಲ್ಲಿ ಸಲೀಸಾಗಿ ಆಗುವ ಕೆಲಸ. ಆದರೂ ಒಳಗಿನ ಒಲೆ ಮುಟ್ಟುವಂತಿರಲಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಬೇರೆಯೇ ಕಬ್ಬಿಣದ ಸೌಟಿನಲ್ಲಿ ಕಾಯಿಸಬೇಕು. ಬಸುರಿಯರೂ ಮಕ್ಕಳೂ ಅತ್ತ ಸುಳಿಯಬಾರದು. ಆಗ ನನಗದು ಬರಿಯ ಮಡಿ ಎನಿಸಿತ್ತು. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ಎಂಥ ಕೇಡು ಮಾಡುತ್ತದೆಂದು ಮುಂದೆ ಓದಿದಾಗ ಅತ್ತೆಯವರನ್ನು ನೆನೆದು ಕೈಮುಗಿದೆ.

ಈ ಕೋವಿಯ ಸ್ವಭಾವದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ತೂಕ ಮೊದಲು, ಗುರಿ ಆಮೇಲೆ. ಹಗಲಿನಲ್ಲಿ ಜಗಲಿಯ ಮೇಲೆ ಕೂತು, ಹಂದಿ ಬರುತ್ತದೆಂದು ಈಡು ತುಂಬುತ್ತೀರಿ. ರಾತ್ರಿ ಗದ್ದೆಯಲ್ಲಿ ಸದ್ದಾಗುತ್ತದೆ. ಬಂದದ್ದು ಹಂದಿಯೋ, ಪಕ್ಕದ ಮನೆಯ ಎಮ್ಮೆಯೋ, ನೀರು ಕಟ್ಟಲು ಹೋದ ಆಳೋ? ನಳಿಗೆಯೊಳಗಿನ ಸೀಸಕ್ಕೆ ಅದು ತಿಳಿಯದು. ಆ ಗಳಿಗೆಯಲ್ಲಿ ಬದಲಾಯಿಸುವಂತೆಯೂ ಇಲ್ಲ. ಗಜದ ತುದಿಗೆ ತಿರುಪು ಹಾಕಿ, ಗುಂಡಿಗೆ ಕಚ್ಚಿಸಿ ಎಳೆಯಬೇಕು. ತುಂಬುವುದಕ್ಕಿಂತ ತೆಗೆಯುವುದು ಹತ್ತರಷ್ಟು ಕಷ್ಟ.

ನಮ್ಮ ಗದ್ದೆಗೆ ಆನೆ ಬರತೊಡಗಿದಾಗ ಈ ಮಾತಿಗೆ ಅರ್ಥ ಬಂತು. ಮೊದಲ ಸಲ ಬಂದ ರಾತ್ರಿ ಭತ್ತ ತೆನೆಗಟ್ಟಿತ್ತು. ನಮ್ಮವರು ಕೋವಿಗೆ ಕೈಹಾಕಿದರು. ಮಾವನವರು ಎದ್ದು ಬಂದು ಕೈ ಹಿಡಿದರು. ‘ಮೂರು ನಾಲ್ಕು ಸಾವಿರ ಕೆಜಿ ಜೀವಕ್ಕೆ ನಿನ್ನ ಎರಡು ತೊಲ ಏನು ಮಾಡುತ್ತೆ? ಹುಣ್ಣು ಮಾಡುತ್ತೆ. ಹುಣ್ಣಾದ ಆನೆ ನಾಳೆ ಯಾರನ್ನು ಕೇಳುತ್ತೆ?’ ಬೆಳಗಾದ ಮೇಲೆ ಅವರೇ ಕೂತು ತಿರುಪು ಹಾಕಿ ಗುಂಡು ಎಳೆದು ತೆಗೆದರು. ಅಂದಿನಿಂದ ನಮ್ಮ ಕೋವಿಗೆ ಬರೀ ಮದ್ದು ಮತ್ತು ನಾರು. ಆಕಾಶಕ್ಕೆ ಒಂದು ಸದ್ದು, ಅಷ್ಟೇ. ಅಷ್ಟು ಕಾಲ ತೂಗಿದವರು ಕಡೆಗೆ ಆರಿಸಿಕೊಂಡ ತೂಕ ಸೊನ್ನೆ.

ಆನೆಗಳ ಕಾಟ ತೀರಿತೆಂದಲ್ಲ. 2012ರಲ್ಲಿ ರಾಜ್ಯದ ಆನೆ ಕಾರ್ಯಪಡೆ ವರದಿ ಕೊಟ್ಟಿತು. 2014ರಲ್ಲಿ ಆಲೂರು ಸುತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಮತ್ತೆ ಬೇರೆಯವು ಬಂದವು. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ಪಕ್ಕದ ಯಸಳೂರಿನ ಕಾಡಿನಲ್ಲಿ ಕಾಡಾನೆ ಹಿಡಿಯಲು ಹೋಗಿ ಸತ್ತ. ಸುತ್ತಲಿನ ಎಷ್ಟೋ ಮಂದಿ ಭತ್ತ ಬೆಳೆಯುವುದನ್ನೇ ಬಿಟ್ಟರು. ನಾವೂ ಒಂದು ಗದ್ದೆಯನ್ನು ಪಾಳು ಬಿಟ್ಟಿದ್ದೇವೆ.

ಮಾವನವರ ನಂತರ ಲೈಸೆನ್ಸು ನಮ್ಮವರ ಹೆಸರಿಗೆ ಬಂತು. 2019ರ ತಿದ್ದುಪಡಿಯಿಂದ ಅದರ ಅವಧಿ ಮೂರರ ಬದಲು ಐದು ವರ್ಷ. ಈ ವರ್ಷ ಅದು ಮುಗಿಯುತ್ತದೆ. ಬೆಂಗಳೂರಿನಲ್ಲಿರುವ ಮಗನ ಹೆಸರಿಗೆ ಮಾಡಿಸೋಣ, ಹಿರಿಯರ ವಸ್ತು ಎಂದು ಇವರ ಆಸೆ. ನಾನು ಬೇಡವೆಂದೆ. ಕೋವಿ ಆಸ್ತಿಯ ಹಾಗೆ ಕೈಯಿಂದ ಕೈಗೆ ಬರುತ್ತದೆ. ಗುಂಡು ಎಳೆದು ತೆಗೆಯುವ ತಾಳ್ಮೆ ಹಾಗೆ ಬರುವುದಿಲ್ಲ. ಬೆಳೆ ಹೋದ ರಾತ್ರಿ ನನಗೂ ಹೊಟ್ಟೆ ಉರಿಯುತ್ತದೆ. ಆ ಉರಿಯಲ್ಲಿ ಯಾರ ಕೈಗೂ ಸಿಗುವಂತೆ ಗೋಡೆಯಲ್ಲಿ ಕೋವಿ ಇರಬಾರದು ಎಂಬುದಷ್ಟೇ ನನ್ನ ವಾದ. ಇವರು ಇನ್ನೂ ಹೂಂ ಎಂದಿಲ್ಲ. ಆದರೆ ಮೊನ್ನೆ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂಬತ್ತು ಗುಂಡುಗಳನ್ನು ತಾವೇ ತೆಗೆದು ಎಣಿಸಿ, ಕಾಗದದಲ್ಲಿ ಕಟ್ಟಿ, ಠಾಣೆಗೆ ಕೊಡಬೇಕಾದ ಅರ್ಜಿಯ ಪಕ್ಕದಲ್ಲಿ ಇಟ್ಟಿದ್ದಾರೆ.