ಬಾಗಿಲ ಸಂದಿಗೆ ಟವೆಲ್

ನಂಗೆ ಹಾವು ಸಾಕೋ ಹುಚ್ಚು ಹಿಡಿದಿದ್ದು ಪಿಯುಸಿಯಲ್ಲಿ. ಸಿಇಟಿಗೆ ಓದ್ತೀನಿ ಅಂತ ಬಾಗಿಲು ಹಾಕ್ಕೊಂಡು ಬಾಲ್ ಪೈಥಾನ್ ವಿಡಿಯೋ ನೋಡ್ತಿದ್ದೆ. ಆಫ್ರಿಕಾದ ಹಾವು, ವಿಷ ಇಲ್ಲ, ಹೆದರಿದ್ರೆ ಚೆಂಡಿನ ಹಾಗೆ ಸುತ್ಕೊಂಡು ತಲೆ ಬಚ್ಚಿಟ್ಕೊಳ್ಳುತ್ತೆ. ಚೆನ್ನಾಗಿ ನೋಡ್ಕೊಂಡ್ರೆ 20 ವರ್ಷ ದಾಟಿ ಬದುಕುತ್ತೆ ಅಂತ ಅಮ್ಮನಿಗೆ ಹೆಮ್ಮೆಯಿಂದ ಹೇಳಿದೆ. "ನೀನು ಹಾಸ್ಟೆಲ್‌ಗೆ ಹೋದ್ಮೇಲೆ ಅದಕ್ಕೆ ಇಲಿ ಹಾಕೋದು ನಾನಾ?" ಅಂದ್ರು. ಮಾತು ಅಲ್ಲಿಗೇ ಮುಗೀತು. ಅಂಥ ವಿದೇಶಿ ಹಾವನ್ನ ಸಾಕೋರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು. ನಮ್ಮ ನೆಲದ ಹಾವನ್ನಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿದು ಮನೇಲಿ ಇಟ್ಕೊಳ್ಳೋ ಹಾಗೇ ಇಲ್ಲ.

ಸಾಕೋಕೆ ಆಗದೆ ಇದ್ರೂ ಗುರುತು ಹಿಡಿಯೋಕೆ ಯಾರ ಪರ್ಮಿಷನ್ನೂ ಬೇಡವಲ್ಲ. ಹಾಸ್ಟೆಲ್‌ನಲ್ಲಿ ನಾನು 'ಸ್ನೇಕ್ ಎಕ್ಸ್‌ಪರ್ಟ್' ಆಗಿಬಿಟ್ಟೆ. ಯಾರಿಗೆ ಎಲ್ಲಿ ಹಾವು ಕಂಡ್ರೂ ಫೋಟೋ ನನಗೇ ಬರ್ತಿತ್ತು.

ಹೋದ ಮಳೆಗಾಲದ ಒಂದು ರಾತ್ರಿ, ಹನ್ನೊಂದೂವರೆ ಇರಬಹುದು. ಕೆಳಗಿನ ಬಾತ್‌ರೂಮ್‌ನಿಂದ ರೂಮ್‌ಮೇಟ್ ಫೋಟೋ ಕಳಿಸಿದ. ಕಪ್ಪು ಮೈ, ಬಿಳಿ ಪಟ್ಟಿ, ಅರ್ಧ ಹಾವು ಬಕೆಟ್ ಹಿಂದೆ. ನಾನು ಹಾಸಿಗೆ ಮೇಲೆ ಮಲಗೇ ಟೈಪ್ ಮಾಡಿದೆ: "ತೋಳಹಾವು. ವಿಷ ಇಲ್ಲ. ಟವೆಲ್‌ನಲ್ಲಿ ಹಿಡಿದು ಹೊರಗೆ ಬಿಡು."

ಕಳಿಸಿದ ಮೇಲೆ ಫೋಟೋ ಝೂಮ್ ಮಾಡಿದೆ. ಕಾಣ್ತಿದ್ದಿದ್ದು ಬಾಲದ ಕಡೆಯ ಅರ್ಧ. ಅಲ್ಲಿ ಪಟ್ಟಿಗಳು ಜೋಡಿ ಜೋಡಿಯಾಗಿ, ಚಾಕ್‌ಪೀಸ್‌ನಲ್ಲಿ ಗೆರೆ ಎಳೆದ ಹಾಗೆ ಸ್ಪಷ್ಟ. ತೋಳಹಾವಿಗೆ ಪಟ್ಟಿ ಕತ್ತಿನ ಹತ್ತಿರದಿಂದಲೇ ಶುರುವಾಗಿ ಬಾಲಕ್ಕೆ ಹೋಗ್ತಾ ಮಾಸುತ್ತೆ. ಕಟ್ಟುಹಾವಿಗೆ ಉಲ್ಟಾ. ಇದನ್ನ ನಾನೇ ಎಷ್ಟು ಜನಕ್ಕೆ ಪಾಠ ಮಾಡಿದ್ದೆನೋ!

ಕಾಲ್ ಮಾಡಿದೆ, ಎತ್ತಲಿಲ್ಲ. ಚಪ್ಪಲಿ ಹಾಕದೆ ಎರಡು ಮಹಡಿ ಇಳಿದೆ. ಅವನು ಕೈಗೆ ಟವೆಲ್ ಸುತ್ಕೊಂಡು ಬಗ್ಗಿದ್ದ. "ಮುಟ್ಬೇಡ್ವೋ!" ಅಂತ ಕಿರುಚಿದ್ದು ಮೂರನೇ ಮಹಡಿಗೂ ಕೇಳಿಸ್ತಂತೆ. ಅವನನ್ನ ಎಳೆದು ಬಾಗಿಲು ಹಾಕಿ, ಅದೇ ಟವೆಲ್ ಸಂದಿಗೆ ತುರುಕಿದೆ. ವಾಚ್‌ಮನ್ ಅಣ್ಣ ಬಂದು ವೆಂಟಿಲೇಟರ್‌ನಿಂದ ಟಾರ್ಚ್ ಬಿಟ್ಟು ನೋಡಿ, "ಕಟ್ಟಾವು ಕಣಪ್ಪಾ. ಮಲಗಿರೋರಿಗೆ ಕಚ್ಚಿದ್ರೆ ಗೊತ್ತೇ ಆಗಲ್ಲ" ಅಂದ್ರು. ನಾನು 'ಕಾಮನ್ ಕ್ರೈಟ್' ಅಂತ ಓದಿದ್ದನ್ನ ಅವರು ಹೊಲದಲ್ಲಿ ಕಲಿತಿದ್ರು. ಉರಗ ರಕ್ಷಕರು ಕೊಕ್ಕೆ, ಚೀಲ ತಂದು ಐದೇ ನಿಮಿಷದಲ್ಲಿ ಹಿಡ್ಕೊಂಡು ಹೋದ್ರು.

ಆ ಮೆಸೇಜ್ ಡಿಲೀಟ್ ಮಾಡಿಲ್ಲ. ಎರಡು ನೀಲಿ ಟಿಕ್ ಹಾಗೇ ಇದೆ.

ಈಗ ನಾನು ಸಾಕ್ತಿರೋದು ಬಸವನಹುಳು. ನಗಬೇಡಿ, ಇದರಲ್ಲೂ ಆಯ್ಕೆ ಇದೆ. ಒಬ್ಬ ಗೆಳೆಯ ತೋಟದಿಂದ ಅಂಗೈ ಅಗಲದ್ದೊಂದನ್ನ ತಂದು "ಫ್ರೀ ಪೆಟ್" ಅಂದ. ಉದ್ದ ಮೊನೆಯ ಚಿಪ್ಪು, ಕಂದು ಪಟ್ಟೆ: ಆಫ್ರಿಕನ್ ಬಸವನಹುಳು. 1847ರಲ್ಲಿ ಕೋಲ್ಕತ್ತಕ್ಕೆ ತಂದು ಬಿಟ್ಟಿದ್ದು, ಈಗ ನಮ್ಮ ಕಾಫಿ ತೋಟಗಳನ್ನೂ ಮೇಯುತ್ತೆ. ಮಿದುಳಿಗೆ ಕುತ್ತು ತರೋ ಇಲಿಯ ಶ್ವಾಸಕೋಶದ ಹುಳುವನ್ನೂ ಹೊತ್ತಿರಬಹುದು. ಅವನಿಗೆ ಮೊದಲು ಸೋಪ್ ಹಾಕಿ ಕೈ ತೊಳೆಸಿದೆ.

ನಾನು ತಂದಿದ್ದು ಎರಡು ಜೀಬ್ರಾ ನೆರೈಟ್. ಅಂಗಡಿಯಲ್ಲಿ ಅರ್ಧ ಗಂಟೆ ನಿಂತು, ಗಾಜಿಗೆ ಗಟ್ಟಿಯಾಗಿ ಅಂಟಿದ್ದ, ಚಿಪ್ಪಿನಲ್ಲಿ ಬಿಳಿ ಗುಳಿ ಇಲ್ಲದವನ್ನೇ ಆರಿಸಿದೆ. ಅಂಗಡಿಯವರಿಗೆ ಸಿಟ್ಟು ಬಂತು, ಬರಲಿ. ಕೆಟಲ್‌ಗೆ ಬಿಳಿ ಪದರ ಕಟ್ಟಿಸೋ ನಮ್ಮ ಹಾಸ್ಟೆಲ್ ಬೋರ್‌ವೆಲ್ ನೀರು ಚಿಪ್ಪಿಗೆ ಒಳ್ಳೇದು, ಕ್ಯಾಲ್ಸಿಯಂ ಸಿಗುತ್ತೆ. ಪಾಚಿ ತಿಂದ್ಕೊಂಡು ಇರ್ತಾವೆ.

ಮೊನ್ನೆ ಗಾಜಿನ ಮೇಲೆ ಎಳ್ಳು ಅಂಟಿಸಿದ ಹಾಗೆ ಬಿಳಿ ಚುಕ್ಕೆ ನೋಡಿ ರೂಮ್‌ಮೇಟ್, "ಮೊಟ್ಟೆನಾ? ರೂಮ್ ತುಂಬಾ ಮರಿ ಆಗುತ್ತಾ?" ಅಂದ. ಇಲ್ಲ, ಇದರ ಮರಿ ಬೆಳೆಯೋಕೆ ಅಳಿವೆಯ ಹಾಗೆ ಉಪ್ಪು ಬೆರೆತ ನೀರು ಬೇಕು ಅಂದೆ.

"ಗ್ಯಾರಂಟಿನಾ? ಇಲ್ಲಾ ಇನ್ನೊಂದ್ಸಲ ಝೂಮ್ ಮಾಡಿ ನೋಡ್ತೀಯಾ?"

ಲೆನ್ಸ್ ತಗೊಂಡು ಮತ್ತೊಮ್ಮೆ ನೋಡಿದೆ.