ಆತಕೂರಿನ ಕಲ್ಲು, ಹೆಬ್ಬಾಳದ ಅಂಗಳ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕಬ್ಬನ್ ಉದ್ಯಾನದ ಅಂಚಿಗೆ ನಿಂತಿರುವ ಕೆಂಪು ಬಣ್ಣದ ಸರ್ಕಾರಿ ವಸ್ತು ಸಂಗ್ರಹಾಲಯವನ್ನು ಅರಿಯದವರು ವಿರಳ. ಸಂಗ್ರಹಾಲಯವು 1865ರಲ್ಲಿ ಆರಂಭವಾದುದು. ಈಗಿನ ಕಟ್ಟಡ 1877ರದು. ಅಲ್ಲಿನ ಶಿಲ್ಪಗಳ ನಡುವೆ ಒಂದು ಕಲ್ಲಿದೆ. ಅದರ ಮೇಲೆ ದೇವರಿಲ್ಲ, ದೊರೆಯಿಲ್ಲ. ಒಂದು ನಾಯಿಯೂ ಒಂದು ಹಂದಿಯೂ ಪರಸ್ಪರ ಮೇಲೆ ಬಿದ್ದು ಸೆಣಸುತ್ತಿವೆ. ಸುತ್ತಲೂ ಹಳಗನ್ನಡದ ಅಕ್ಷರಗಳು.

ಇದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು. ಕಾಲ ಕ್ರಿಸ್ತಶಕ 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದನು. ಅವನ ಪಕ್ಷದಲ್ಲಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಬಂಟನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಡಿದುದನ್ನು ಕೊಡುವೆನೆಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಒಡನೆ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಅದರಲ್ಲಿದೆ.

ಸಾವಿರ ವರ್ಷಗಳ ಹಿಂದೆ ಸತ್ತ ನಾಯಿಗಾಗಿ ಕರುಳು ಮಿಡಿದವನೊಬ್ಬನಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಕಾಳಿ ಒಂದೇ ಗಳಿಗೆಯಲ್ಲಿ ಹೋರಾಡಿ ಸತ್ತಿತು. ಮೆಲ್ಲಮೆಲ್ಲನೆ, ಮನೆಯವರ ಕಣ್ಣೆದುರಿಗೇ ಸವೆಯುವ ನಾಯಿಗಳ ಕಥೆ ಯಾವ ಕಲ್ಲಿನ ಮೇಲೂ ಇಲ್ಲ. ಅದನ್ನು ಕಾಣಬೇಕಾದರೆ ಬಳ್ಳಾರಿ ರಸ್ತೆಯನ್ನು ಹಿಡಿದು, ಮೇಖ್ರಿ ವೃತ್ತವನ್ನು ದಾಟಿ, ಹೆಬ್ಬಾಳಕ್ಕೆ ಹೋಗಬೇಕು.

ಹೆಬ್ಬಾಳವೂ ಹಳೆಯ ಊರೇ. ಸುಮಾರು 750ನೆಯ ಇಸವಿಯ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಇಲ್ಲಿಯೇ ದೊರೆಯಿತು. ‘ಪೆರ್ಬೊಳಲ್’ ಎಂಬ ಹೆಸರು ಅದರಲ್ಲಿದೆ. ಇಂದು ಆ ಹೆಸರಿಗೆ ಮೇಲುಸೇತುವೆಯೂ ವಾಹನಗಳ ಗದ್ದಲವೂ ನೆನಪಾಗುವುದು ಸಹಜ. ಆ ಗದ್ದಲದಿಂದ ತುಸು ಈಚೆಗೆ, ಮರಗಳ ನೆರಳಿನಲ್ಲಿ, 1958ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಕಾಲೇಜಿದೆ. ಅದರ ಆಸ್ಪತ್ರೆಗೆ ಬೆಳಗಾಗುತ್ತಲೇ ಜನ ಬರತೊಡಗುತ್ತಾರೆ. ಬುಟ್ಟಿಯಲ್ಲಿ ಬೆಕ್ಕು, ಹಗ್ಗದ ತುದಿಗೆ ಮೇಕೆ, ಕಾರಿನ ಹಿಂದಿನ ಪೀಠದಲ್ಲಿ ಬೆಲೆಬಾಳುವ ಜಾತಿನಾಯಿ, ಮುದುಕಿಯ ಸೆರಗಿನಲ್ಲಿ ಬೀದಿಯ ಮರಿ. ಕಾರಿನವರೂ ಕಾಲ್ನಡಿಗೆಯವರೂ ಒಂದೇ ಬಗೆಯಲ್ಲಿ ಕಾಯುತ್ತಾರೆ. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ, “ನಿಮ್ಮದಕ್ಕೆ ಏನಾಗಿದೆ?” ಎಂಬುದೇ ಪರಿಚಯದ ಮೊದಲ ಮಾತು.

ಇಂಥದೊಂದು ಬೆಳಿಗ್ಗೆ ಆ ಅಂಗಳದಲ್ಲಿ ನಿವೃತ್ತ ಗುಮಾಸ್ತರೊಬ್ಬರ ಕುಟುಂಬವಿತ್ತು: ಯಜಮಾನರು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹಳೆಯ ಜಮಖಾನದ ಮೇಲೆ ಒಂಬತ್ತು ವರ್ಷದ ಮೋತಿ. ಮನೆಯಿಂದ ಬರುವುದೇ ಒಂದು ಪ್ರಯಾಣ. ನಾಯಿಯನ್ನು ಕಂಡೊಡನೆ ಮೂರು ಆಟೋಗಳು ನಿಲ್ಲದೆ ಹೋದವು. ನಾಲ್ಕನೆಯವನು ಐವತ್ತು ರೂಪಾಯಿ ಹೆಚ್ಚಿಗೆ ಕೇಳಿ, ಮೋತಿಯ ಮುಖ ನೋಡಿ, ಇಳಿಯುವಾಗ ಅದನ್ನು ಬೇಡವೆಂದನು.

ಕಾಯಿಲೆ ಬಂದದ್ದು ಉಣ್ಣೆಯಿಂದ. ಎಳ್ಳುಕಾಳಿನಷ್ಟಿರುವ ಈ ಜೀವಿ ನಾಯಿಯ ರಕ್ತ ಹೀರುತ್ತ ತನ್ನೊಡಲಿನ ರೋಗಾಣುವನ್ನು ಅದರೊಳಕ್ಕೆ ದಾಟಿಸುತ್ತದೆ. ಜ್ವರ ಬರುತ್ತದೆ, ಅನ್ನ ಸೇರುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು ಕುಗ್ಗಿ, ಕೆಲವೊಮ್ಮೆ ಮೂಗಿನಿಂದ ರಕ್ತ ಒಸರುತ್ತದೆ. ಮೊದಲಿಗೇ ತಿಳಿದರೆ ಸುಮಾರು ನಾಲ್ಕು ವಾರಗಳ ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ. ತಿಳಿಯದೆ ತಿಂಗಳುಗಟ್ಟಲೆ ಒಳಗೆ ಉಳಿದರೆ ಮೂತ್ರಪಿಂಡಗಳಿಗೂ ಹಾನಿ ತಟ್ಟಬಹುದು. ಮೋತಿಗೆ ಆದದ್ದು ಇದೇ. ಅನ್ನ ಬಿಟ್ಟಾಗ ಮನೆಯವರು ವಯಸ್ಸಿನ ದೋಷವೆಂದು ತಿಳಿದಿದ್ದರು.

ಯಜಮಾನರ ಕೈಯಲ್ಲೊಂದು ಪುಟ್ಟ ಪುಸ್ತಕ. ನಲವತ್ತು ವರ್ಷ ಲೆಕ್ಕ ಬರೆದ ಕೈ; ಇಲ್ಲಿಯೂ ಬಿಡಲಿಲ್ಲ. ಮನೆಯ ಬಳಿಯ ಖಾಸಗಿ ವೈದ್ಯರಲ್ಲಿ ರಕ್ತಪರೀಕ್ಷೆ, ಸ್ಕ್ಯಾನು, ದಿನಕ್ಕೊಂದು ಗ್ಲೂಕೋಸು, ಸೂಜಿ. ಇಲ್ಲಿಗೆ ಬಂದ ಮೇಲೆ ಆಸ್ಪತ್ರೆಯ ಶುಲ್ಕ ಕಡಿಮೆಯಾದರೂ ಹೊರಗಿನಿಂದ ತರಬೇಕಾದ ಔಷಧ, ಬಂದುಹೋಗುವ ಆಟೋ. ಹದಿಮೂರು ದಿನಗಳ ಮೊತ್ತ 31,460 ರೂಪಾಯಿ. ಅವರ ಒಂದು ತಿಂಗಳ ಪಿಂಚಣಿ ಅಷ್ಟಿರಲಿಲ್ಲ. ಮಗಳ ಪರೀಕ್ಷಾ ಶುಲ್ಕ ಕಟ್ಟಲು ಇನ್ನು ಎಂಟು ದಿನವಿತ್ತು.

“ಏನೂಂದ್ರೆ, ನನ್ನ ಎರಡು ಬಳೆ ಹಾಗೇ ಇದೆಯಲ್ಲ,” ಎಂದರು ಆಕೆ ಮೆಲ್ಲಗೆ.

ಯಜಮಾನರು ಉತ್ತರ ಕೊಡಲಿಲ್ಲ. ಮಗಳು ಗ್ಲೂಕೋಸಿನ ಬಾಟಲಿಯನ್ನು ಎತ್ತಿ ಹಿಡಿದು ನಿಂತಿದ್ದಳು. ಕೈ ಸೋತಾಗ ಪಕ್ಕದ ಮೇಕೆಯ ಒಡೆಯನು ಮಾತಿಲ್ಲದೆ ಅದನ್ನು ತನ್ನ ಕೈಗೆ ತೆಗೆದುಕೊಂಡನು.

ಹಣದ ಮಾತನ್ನು ಎತ್ತಲು ಇಂಥಲ್ಲಿ ಎಲ್ಲರಿಗೂ ನಾಚಿಕೆ. ಪ್ರೀತಿಗೆ ಬೆಲೆ ಕಟ್ಟಿದಂತಾಗುವುದೆಂಬ ಅಳುಕು. ಆದರೆ ಕೇಳದೆ ಇದ್ದರೆ ಕೊನೆಗೆ ಸಾಲವೂ ಉಳಿದು, ನಾಯಿಯ ನೋವೂ ಬೆಳೆಯುವುದುಂಟು. ಅಂದು ಯಜಮಾನರು ಕೇಳಿಯೇ ಕೇಳಿದರು.

“ಡಾಕ್ಟರೇ, ಇನ್ನು ಮುಂದೆ ಮಾಡುವ ಪರೀಕ್ಷೆಯಿಂದ ಔಷಧ ಏನಾದರೂ ಬದಲಾಗುತ್ತದೆಯೇ? ದಿನಕ್ಕೆ ಎಷ್ಟಾಗಬಹುದು? ಸಾಕು ಅಂತ ನಾವು ಯಾವಾಗ ತಿಳಿಯಬೇಕು?”

ತರುಣ ವೈದ್ಯೆ ಬೇಸರಿಸಲಿಲ್ಲ. ಚೀಟಿಯ ಹಿಂಬದಿಯಲ್ಲಿ ಅಂಕೆಗಳನ್ನು ಬರೆದು ತೋರಿಸಿದರು. “ನೋಡಿ ಸಾರ್, ಇನ್ನು ಸ್ಕ್ಯಾನು ಬೇಡ. ಮೂರು ದಿನ ಗ್ಲೂಕೋಸು ಕೊಟ್ಟು ಮತ್ತೆ ಕ್ರಿಯಾಟಿನಿನ್ ನೋಡೋಣ. ಇಳಿದರೆ ಮುಂದುವರಿಸೋಣ. ಇಳಿಯದೆ ವಾಂತಿಯೂ ನಿಲ್ಲದಿದ್ದರೆ, ಆಮೇಲೆ ನಾವು ಮಾಡುವುದು ಅದಕ್ಕಾಗಿ ಅಲ್ಲ, ನಮಗಾಗಿ.”

ಮೂರು ದಿನ ಅವರು ಬಂದರು. ಎರಡನೆಯ ದಿನ ಮೋತಿ ನಾಲ್ಕು ಚಮಚ ಗಂಜಿ ಕುಡಿದು ಬಾಲವಾಡಿಸಿತು, ಅಂಗಳದವರೆಲ್ಲ ನಕ್ಕರು. ಮೂರನೆಯ ದಿನ ಅಂಕೆ ಏರಿತ್ತು.

ಬಳೆಗಳು ಆಕೆಯ ಕೈಯಲ್ಲಿಯೇ ಇದ್ದವು. ಅವನ್ನು ಮಾರಿದ್ದರೆ ಇನ್ನೊಂದು ವಾರ ಸಿಗುತ್ತಿತ್ತೋ ಏನೋ, ಮೋತಿ ಸಿಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದವಳು ಮಗಳು. “ಅಪ್ಪಾ, ಅದಕ್ಕೆ ಸಾಕಾಗಿದೆ. ನಾವು ಹಿಡಿದುಕೊಂಡಿದ್ದೇವೆ ಅಷ್ಟೆ.” ಅರಿವಳಿಕೆಯ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ನಾಯಿ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಉಸಿರು, ಎದೆಬಡಿತ ನಿಲ್ಲುತ್ತವೆ. ಮೋತಿಯ ತಲೆ ಯಜಮಾನರ ತೊಡೆಯ ಮೇಲಿತ್ತು. ಕೆಲವೇ ನಿಮಿಷಗಳಲ್ಲಿ ಮುಗಿಯಿತು.

ಹೆಸರುಘಟ್ಟದ ಬಳಿ ಅವರ ತಮ್ಮನ ತೋಟದಲ್ಲಿ ಮೋತಿಯನ್ನು ಮಣ್ಣುಮಾಡಿದರು. ನೇಗಿಲು ತಾಗದಿರಲೆಂದು ತಮ್ಮನೇ ಒಂದು ಗುಂಡುಕಲ್ಲನ್ನು ಉರುಳಿಸಿ ತಂದು ಇಟ್ಟನು. ಅದರ ಮೇಲೆ ಅಕ್ಷರವಿಲ್ಲ. ಅದರ ಪೂಜೆಗೆ ಯಾರೂ ಭೂಮಿ ಬಿಟ್ಟಿಲ್ಲ.

ಮಗಳ ಶುಲ್ಕವನ್ನು ಕೊನೆಯ ದಿನದ ಹಿಂದಿನ ದಿನ ಕಟ್ಟಿದರು. ಪುಟ್ಟ ಪುಸ್ತಕದಲ್ಲಿ ಮೊತ್ತವನ್ನು ಕೂಡಿ, ಕೆಳಗೆ ಎರಡು ಗೆರೆ ಎಳೆದ ಯಜಮಾನರು, ಮರುದಿನ ಬೆಳಿಗ್ಗೆ ಅದನ್ನು ಮತ್ತೆ ತೆರೆದು ಒಂದು ಸಾಲು ಸೇರಿಸಿದರು: ‘ಆಟೋದವನು ಬಿಟ್ಟದ್ದು, 50.’